ಮೈಸೂರಿನ ಬಾಣಲೆಗೆ ಬಂದ ದೂರದೂರುಗಳು

ಸಂತೆಪೇಟೆಯ ಆ ಗ್ರಂಥಿಗೆ ಅಂಗಡಿಯಲ್ಲಿ ಅಂಜೂರ ಮಾಲೆಯಾಗಿ ತೂಗುತ್ತಿತ್ತು. ದಾರದಲ್ಲಿ ಒತ್ತೊತ್ತಾಗಿ ಪೋಣಿಸಿದ, ಚಪ್ಪಟೆಯಾಗಿ ಒಣಗಿದ, ಮೈಯೆಲ್ಲ ಬಿಳಿ ಹುಡಿ ಮೆತ್ತಿಕೊಂಡ ಹಣ್ಣುಗಳು. ಅಂಗಡಿಯವರು ಮೊಳೆಯಿಂದ ಒಂದನ್ನು ಬಿಡಿಸಿ ನನ್ನ ಕೈಗಿತ್ತರು. "ಕಾಬೂಲ್ ಕಡೇದಮ್ಮ, ನೋಡಿ, ಎಷ್ಟು ಮೆತ್ತಗಿದೆ" ಎಂದರು. ನಾನು ಅಲ್ಲೇ ನಿಂತುಬಿಟ್ಟೆ. ಹಿಮ ಬೀಳುವ ಬೆಟ್ಟಗಳ ಬುಡದಲ್ಲಿ ಬೆಳೆದು, ಅಲ್ಲಿನ ಬಿಸಿಲಲ್ಲಿ ಒಣಗಿ, ಯಾರದೋ ಬೆರಳುಗಳು ಒಂದೊಂದಾಗಿ ಪೋಣಿಸಿದ ಹಣ್ಣು, ಚಾಮುಂಡಿ ಬೆಟ್ಟದ ನೆತ್ತಿ ಕಾಣುವ ಊರಿನ ಒಂದು ಸಣ್ಣ ಅಂಗಡಿಯಲ್ಲಿ ನನ್ನ ಅಂಗೈ ಮೇಲಿದೆ. ಪಕ್ಕದಲ್ಲಿ ನಿಂತಿದ್ದ ಚಿಗವ್ವ ಚೀಟಿ ಓದುತ್ತಲೇ ಇದ್ದಳು: "ಉತ್ತುತ್ತೆ ಕಾಲು ಕೆಜಿ, ಅಂಟು ನೂರು ಗ್ರಾಂ, ಗಸಗಸೆ ಐವತ್ತು..."

ನಾನು ವಿಜಯಪುರದವಳು. ಚಿಗವ್ವ ಮದುವೆಯಾಗಿ ಮೈಸೂರು ಸೇರಿ ಅರ್ಧ ಆಯುಷ್ಯವೇ ಕಳೆದಿದೆ. ಅವಳ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು, ಹೆಣ್ಣು ಮಗು ಹುಟ್ಟಿತ್ತು. ಬಾಣಂತಿಗೆ ಅಂಟಿನುಂಡೆ ಕಟ್ಟಬೇಕು, ಬಾ ಎಂದು ಕರೆ ಬಂದಾಗ ಚಿಗವ್ವ ಹೇಳಿದ್ದು ಒಂದೇ ಮಾತು: "ದ್ರಾಕ್ಷಿ ನೀ ತಗೊಂಡು ಬಾ. ಉಳಿದದ್ದೆಲ್ಲಾ ಇಲ್ಲೇ ಸಿಗತೈತಿ." ಹಾಗೆ ತಿಕೋಟಾದ ಒಣದ್ರಾಕ್ಷಿಯ ಚೀಲವನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದ್ದೆ. ಬಾಗಲಕೋಟೆ, ಗದಗ, ಹುಬ್ಬಳ್ಳಿ, ದಾವಣಗೆರೆ, ಅರಸೀಕೆರೆ, ತಿಪಟೂರು, ಬೆಂಗಳೂರು. ಎರೆಭೂಮಿಯಲ್ಲಿ ಹೊರಟ ರೈಲು ಬೆಳಗಾದ ಮೇಲೆ ಕಬ್ಬಿನ ಗದ್ದೆಗಳ ನಡುವೆ ಓಡುತ್ತಿತ್ತು. ನಾಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದಿದ್ದೇನೆ ಎಂಬ ಹೆಮ್ಮೆ ನನಗಿತ್ತು. ಆ ಅಂಜೂರದ ಮಾಲೆಯ ಮುಂದೆ ನನ್ನ ಪ್ರಯಾಣ ತೀರ ಚಿಕ್ಕದಾಯಿತು.

ಸಂತೆಪೇಟೆಗೆ ಹೋಗುವ ಮೊದಲು ಚಿಗವ್ವ ನನ್ನನ್ನು ದೇವರಾಜ ಮಾರುಕಟ್ಟೆಯೊಳಗೆ ಸುತ್ತಿಸಿದ್ದಳು. ಚಿಕ್ಕ ಗಡಿಯಾರದಿಂದ ಧನ್ವಂತ್ರಿ ರಸ್ತೆಯವರೆಗೆ ಸಯ್ಯಾಜಿರಾವ್ ರಸ್ತೆಯ ಬದಿಗೆ ಉದ್ದಕ್ಕೂ ಮೈಚಾಚಿದ ಮಾರುಕಟ್ಟೆ ಅದು. ಈಗಿನ ಕಟ್ಟಡಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವು, ಚಾಮರಾಜೇಂದ್ರ ಒಡೆಯರ ಕಾಲದವು. ಚಿಗುರೆಲೆಯ ಕಟ್ಟುಗಳು, ಮಲ್ಲಿಗೆ ಮೊಗ್ಗು, ನಂಜನಗೂಡು ರಸಬಾಳೆ, ಗೋಪುರಗಳಾಗಿ ನಿಂತ ಕುಂಕುಮ. ಇಲ್ಲಿ ಕಾಣುವ ಬಹಳಷ್ಟು ಸರಕು ಇಲ್ಲಿನದೇ, ಅರ್ಧ ದಿನದ ದಾರಿಯೊಳಗಿನದು. 2016ರ ಆಗಸ್ಟ್‌ನಲ್ಲಿ ಧನ್ವಂತ್ರಿ ರಸ್ತೆ ಕಡೆಯ ಒಂದು ಭಾಗ ಕುಸಿದುಬಿತ್ತು. ಅಂದಿನಿಂದ, ಕೆಡವಿ ಹೊಸದು ಕಟ್ಟಬೇಕೋ ಇದನ್ನೇ ಗಟ್ಟಿಮಾಡಿ ಉಳಿಸಬೇಕೋ ಎಂಬ ವಾದ ನಡೆದಿದೆ. ಉಳಿಸಬೇಕು ಎನ್ನುವವರ ಕಡೆಗೇ ನಾನು. ಇಷ್ಟು ತಲೆಮಾರುಗಳ ಹೆಂಗಸರು ಬುಟ್ಟಿ ಹಿಡಿದು ಸವೆಸಿದ ಕಲ್ಲುಗಳನ್ನು ಕಿತ್ತರೆ ಮತ್ತೆ ಯಾರು ತಂದುಕೊಟ್ಟಾರು?

ಹಸಿಯದು, ಬಾಡುವಂಥದ್ದು ಮಾರುಕಟ್ಟೆಯೊಳಗೆ. ಒಣಗಿದ್ದು, ದೂರದ್ದು ರಸ್ತೆ ದಾಟಿ ಸಂತೆಪೇಟೆಯಲ್ಲಿ. ನನ್ನ ಕಣ್ಣಿಗೆ ಆ ದಿನ ಮೈಸೂರು ಹೀಗೆ ಎರಡಾಗಿ ಕಂಡಿತು. ಗ್ರಂಥಿಗೆ ಅಂಗಡಿಯೊಳಗೆ ಬಜೆ, ಹಿಪ್ಪಲಿ, ಅಳಲೆಕಾಯಿ, ಸಾಂಬ್ರಾಣಿ, ಪೂಜೆಯ ಅರಿಸಿನ ಕೊಂಬು, ಬಾಣಂತಿ ಸಾಮಾನು ಎಲ್ಲವೂ ಗೋಣಿಗಳಲ್ಲಿ, ಡಬ್ಬಗಳಲ್ಲಿ ತುಂಬಿ ನಿಂತಿವೆ. "ಬಾಣಂತಿ ಸಾಮಾನು" ಎಂದರೆ ಸಾಕು, ಅಂಗಡಿಯವರು ಹೆರಿಗೆಯಾಗಿ ಎಷ್ಟು ದಿನವಾಯಿತು ಎಂದು ಕೇಳಿ, ಆಮೇಲೆ ತಕ್ಕಡಿಗೆ ಕೈ ಹಾಕುತ್ತಾರೆ.

ಅವರು ಮೊದಲು ತೂಗಿದ್ದು ಉತ್ತುತ್ತೆ. ಇದು ಖರ್ಜೂರದ ಇನ್ನೊಂದು ಜನ್ಮ. ಖರ್ಜೂರ ಪೂರ್ತಿ ಹಣ್ಣಾಗಿ ಮೆತ್ತಗಾಗುವ ಮುನ್ನ, ಇನ್ನೂ ಗಟ್ಟಿಯಿರುವಾಗಲೇ ಗೊನೆ ಇಳಿಸಿ, ದೊಡ್ಡ ಕೊಪ್ಪರಿಗೆಗಳಲ್ಲಿ ಕುದಿಸಿ, ಬಿಸಿಲಿಗೆ ಹರಡಿ ಒಣಗಿಸುತ್ತಾರೆ. ಸಿಂಧ್‌ನ ಖೈರ್‌ಪುರ ಈ ಕೆಲಸಕ್ಕೆ ಹೆಸರಾದದ್ದು. ಖರ್ಜೂರದ ಮರಕ್ಕೆ ಕಾಲು ನೀರಿನಲ್ಲಿರಬೇಕು, ತಲೆ ಬೆಂಕಿಯಲ್ಲಿರಬೇಕು ಎಂದು ಅರಬರು ಹೇಳುತ್ತಾರಂತೆ. ಮೈಸೂರಿನ ತಂಪು ಹವೆಗೆ ಆ ಬೆಂಕಿ ಎಲ್ಲಿಂದ ಬರಬೇಕು! ಆದರೂ ಈ ಸೀಮೆಗೂ ಆ ಕಡಲಿಗೂ ನಂಟು ಹಳೆಯದು. ಇಲ್ಲಿಂದ ಹತ್ತಾರು ಮೈಲಿ ಕೂಡ ದೂರವಿಲ್ಲದ ಶ್ರೀರಂಗಪಟ್ಟಣದಿಂದ ಆಳಿದ ಟಿಪ್ಪು ಸುಲ್ತಾನ ಮಸ್ಕತ್‌ನಲ್ಲಿ ತನ್ನ ವ್ಯಾಪಾರದ ಕೋಠಿ ಇಟ್ಟಿದ್ದ. ಮಂಗಳೂರಿನಿಂದ ಅಕ್ಕಿ, ಶ್ರೀಗಂಧ, ಮೆಣಸು ಹೊತ್ತ ಹಡಗುಗಳು ಆ ಕಡೆ ಹೋಗುತ್ತಿದ್ದವು. ಗಂಧದ ನಾಡಿಗೂ ಖರ್ಜೂರದ ನಾಡಿಗೂ ನಡುವೆ ಇದ್ದದ್ದು ಒಂದು ಸಮುದ್ರ ಮಾತ್ರ.

ನಮ್ಮ ಪಕ್ಕದಲ್ಲೇ ಬುರ್ಖಾ ತೊಟ್ಟ ಹಿರಿಯ ಹೆಂಗಸೊಬ್ಬರು ಅದೇ ಗೋಣಿಯಿಂದ ಅದೇ ಉತ್ತುತ್ತೆಯನ್ನು ಆರಿಸಿ ಆರಿಸಿ ಹಾಕಿಸಿಕೊಳ್ಳುತ್ತಿದ್ದರು. ರಂಜಾನ್ ತಿಂಗಳು. ಹಬ್ಬದ ದಿನದ ಶೀರ್ ಖುರ್ಮಾಕ್ಕೆ ಈಗಲೇ ಸಾಮಾನು. ಚಿಗವ್ವ ಮಾತಿಗೆ ಶುರುವಿಟ್ಟಳು. ಉತ್ತುತ್ತೆಯನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕಂತೆ. ಬೆಳಿಗ್ಗೆ ಬೀಜ ತೆಗೆದು ಎಳೆ ಎಳೆಯಾಗಿ ಸೀಳಬೇಕು. ಬಾದಾಮಿ, ಪಿಸ್ತಾ, ಸಾರಪಪ್ಪು, ಒಣದ್ರಾಕ್ಷಿಯ ಜೊತೆ ತುಪ್ಪದಲ್ಲಿ ಹುರಿದು, ಕೂದಲೆಳೆಯ ಶ್ಯಾವಿಗೆಯೊಂದಿಗೆ ಗಟ್ಟಿ ಹಾಲಿಗೆ ಬಿಡಬೇಕು. "ಹಾಲು ಉಕ್ಕಬಾರದು, ಕಾಯ್ತಾ ಇರಬೇಕು. ನಿಮ್ಮಲ್ಲಿ ನೆನೆಹಾಕಲ್ವಾ?" ಎಂದು ಅವರು ಕೇಳಿದರು. "ಇಲ್ಲಮ್ಮ, ನಮ್ಮದು ಉಂಡೆ, ನೀರು ತಾಗಿಸೋ ಹಾಗೇ ಇಲ್ಲ" ಎಂದಳು ಚಿಗವ್ವ. ಮಗು ಯಾವುದು, ತಾಯಿ ಹೇಗಿದ್ದಾಳೆ ಎಂದೆಲ್ಲ ವಿಚಾರಿಸಿ, ಹೊರಡುವಾಗ ಆಕೆ ತನ್ನ ಪೊಟ್ಟಣದಿಂದ ಹಿಡಿಯಷ್ಟು ಬಾದಾಮಿ ತೆಗೆದು ನಮ್ಮ ಚೀಲಕ್ಕೆ ಹಾಕಿದರು. "ಬಾಣಂತಿಗೆ" ಎಂದರು. ಚಿಗವ್ವ ಬೇಡವೆನ್ನಲಿಲ್ಲ. ಒಂದೇ ಗೋಣಿಯ ಹಣ್ಣು ಒಂದು ಮನೆಗೆ ಹಾಲಿನೊಳಗೆ ಇಳಿಯಲು ಹೊರಟಿತ್ತು, ಇನ್ನೊಂದು ಮನೆಗೆ ಬೆಲ್ಲದೊಳಗೆ.

ಮನೆ ಇದ್ದದ್ದು ಸರಸ್ವತಿಪುರಂನಲ್ಲಿ. ಚಿಗವ್ವನ ಯಜಮಾನರು, ನಮ್ಮ ಚಿಕ್ಕಪ್ಪ, ಸಿಎಫ್‌ಟಿಆರ್‌ಐನಲ್ಲಿ ದುಡಿದು ನಿವೃತ್ತರಾದವರು. ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ 1950ರ ಅಕ್ಟೋಬರ್‌ನಲ್ಲಿ ಶುರುವಾದದ್ದು ಚೆಲುವಾಂಬ ವಿಲಾಸದಲ್ಲಿ, ಅರಮನೆತನದ ರಾಜಕುಮಾರಿಗಾಗಿ ಕಟ್ಟಿಸಿದ ಬಂಗಲೆಯಲ್ಲಿ. ಸಂಜೆ ಅವರು ನನ್ನನ್ನು ಆ ಕಡೆ ಕರೆದುಕೊಂಡು ಹೋದರು. ಕಂಬಗಳ ಸಾಲಿನ ಬಿಳಿ ಅರಮನೆ, ಮುಂದೆ ಹಸಿರು ಅಂಗಳ. ಒಳಗೆ ಅನ್ನ, ಹಣ್ಣು, ಎಣ್ಣೆ, ಮಸಾಲೆಗಳ ಒಳಗುಟ್ಟು ಹುಡುಕುವ ಪ್ರಯೋಗಶಾಲೆಗಳು. ಎಂಥ ಊರು ಇದು! ರಾಜಕುಮಾರಿಯ ಮನೆಯನ್ನು ದೇಶದ ಹಸಿವಿನ ಕೆಲಸಕ್ಕೆ ಬಿಟ್ಟುಕೊಟ್ಟಿದೆ.

ಹಣ್ಣು ಒಣಗುವುದೆಂದರೆ ಏನು ಎಂದು ನಾನು ಕೇಳಿದ್ದೇ ತಡ, ಚಿಕ್ಕಪ್ಪ ನಡೆಯುವುದನ್ನು ನಿಲ್ಲಿಸಿದರು. ತಾಜಾ ದ್ರಾಕ್ಷಿಯಲ್ಲಿ ನೂರಕ್ಕೆ ಎಂಬತ್ತು ಪಾಲು ನೀರೇ. ಒಣದ್ರಾಕ್ಷಿಯಲ್ಲಿ ಉಳಿಯುವುದು ಹದಿನೈದರ ಆಸುಪಾಸು. ಒಂದು ಕಿಲೋ ಒಣದ್ರಾಕ್ಷಿಗೆ ಸುಮಾರು ನಾಲ್ಕು ಕಿಲೋ ಹಣ್ಣು ಬೇಕಾಗುವುದು ಅದಕ್ಕೇ. ಆದರೆ ಎಷ್ಟು ನೀರಿದೆ ಎನ್ನುವುದಕ್ಕಿಂತ ಆ ನೀರು ಎಷ್ಟು ಬಿಡುವಾಗಿದೆ ಎನ್ನುವುದು ಮುಖ್ಯವಂತೆ. ಉಳಿದ ತೇವವನ್ನು ಸಕ್ಕರೆ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಬೂಷ್ಟಿಗೆ, ಬ್ಯಾಕ್ಟೀರಿಯಾಕ್ಕೆ ಕುಡಿಯಲು ಒಂದು ಹನಿಯೂ ದಕ್ಕದು. ಶುದ್ಧ ನೀರಿಗೆ 1 ಎಂದು ಅಳತೆ ಇಟ್ಟರೆ, 0.6ಕ್ಕಿಂತ ಕೆಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆಯಲಾರದು. "ನೀರು ಹೋದ್ರೆ ಹಣ್ಣಿಗೆ ಕಾಲು ಬರುತ್ತೆ ನೋಡು. ಹಸೀದು ಪಕ್ಕದೂರಿಗೆ ಹೋಗೋಷ್ಟ್ರಲ್ಲಿ ಕೊಳೆಯುತ್ತೆ, ಒಣಗಿದ್ದು ಸಮುದ್ರ ದಾಟುತ್ತೆ" ಎಂದರು ಚಿಕ್ಕಪ್ಪ.

ನನಗೆ ನಮ್ಮೂರ ಶೆಡ್ಡುಗಳು ಕಣ್ಣಮುಂದೆ ಬಂದವು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತಿಕೋಟಾ ಕಡೆ ಹೋದರೆ ಹೊಲದ ನಡುವೆ ಉದ್ದುದ್ದ ಚಪ್ಪರಗಳು, ಅವುಗಳಡಿ ಅಂತಸ್ತು ಅಂತಸ್ತಾಗಿ ಬಲೆಯ ರ‍್ಯಾಕುಗಳು. ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್, ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿ ಹರಡುತ್ತಾರೆ. ದ್ರಾಕ್ಷಿಯ ಮೈಮೇಲಿನ ಮೇಣದ ತೆಳು ಪದರ ಅದರಿಂದ ಸಡಿಲಾಗಿ, ಒಳಗಿನ ನೀರು ಹೊರಗೆ ಹಾದಿ ಹಿಡಿಯುತ್ತದೆ. ನೆರಳು, ಒಣಗಾಳಿ, ಹದಿನೈದು ದಿನಕ್ಕೆ ಹಸಿರುಹೊಂಬಣ್ಣದ ಒಣದ್ರಾಕ್ಷಿ. ಬರದ ಜಿಲ್ಲೆ ಎಂದು ನಮ್ಮನ್ನು ಎಲ್ಲರೂ ಮರುಗಿ ನೋಡುತ್ತಾರೆ. ಅದೇ ಒಣಗಾಳಿ ಇಲ್ಲದಿದ್ದರೆ ಈ ಹಣ್ಣು ಹೀಗೆ ಒಣಗುತ್ತಿರಲಿಲ್ಲ. ನಮ್ಮ ಹವೆಯನ್ನೇ ಚೀಲದಲ್ಲಿ ಹೊತ್ತು ತಂದಿದ್ದೇನೆ ಎಂದು ಮೈಸೂರಿನ ಆ ಮರಗಳ ನೆರಳಿನಲ್ಲಿ ನನಗೆ ಮೊದಲ ಸಲ ಹೊಳೆಯಿತು.

ಬರುವಾಗ ಚಿಕ್ಕಪ್ಪ ಇನ್ನೊಂದು ಕಟ್ಟಡವನ್ನೂ ತೋರಿಸಿದರು: 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿ, ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. ಕೌಟಿಲ್ಯನ ಅರ್ಥಶಾಸ್ತ್ರ ಕಳೆದೇಹೋಯಿತೆಂದು ಲೋಕ ನಂಬಿದ್ದಾಗ, ಇಲ್ಲಿಗೆ ಬಂದ ಗ್ರಂಥಲಿಪಿಯ ತಾಳೆಗರಿಗಳ ಕಟ್ಟಿನಲ್ಲಿ 1905ರಲ್ಲಿ ಅದನ್ನು ಗುರುತಿಸಿ, 1909ರಲ್ಲಿ ಅಚ್ಚುಹಾಕಿಸಿದವರು ಇಲ್ಲಿದ್ದ ವಿದ್ವಾಂಸ ಆರ್. ಶಾಮಾಶಾಸ್ತ್ರಿಗಳು. ಆ ಅರ್ಥಶಾಸ್ತ್ರದಲ್ಲಿ ದ್ರಾಕ್ಷಿಯ ಮದ್ಯವನ್ನು ಅದು ಬರುವ ಸೀಮೆಯ ಹೆಸರಿನಿಂದಲೇ ಕರೆದಿದ್ದಾನೆ ಕೌಟಿಲ್ಯ; ಅದರಲ್ಲೊಂದು ಕಾಪಿಶಾಯನ, ಕಾಬೂಲಿನ ಬಡಗಣ ಕಪಿಶ ಸೀಮೆಯದು. ಬೆಳಿಗ್ಗೆ ನನ್ನ ಕೈಮೇಲೆ ಅಂಜೂರದ ಮಾಲೆಯಾಗಿ ಕೂತಿದ್ದ ಆ ನಾಡು, ಎರಡು ಸಾವಿರ ವರ್ಷದ ಹಿಂದಿನ ಬರಹದಲ್ಲೂ ಹಣ್ಣಿನ ನಾಡೇ! ಆ ಬರಹ ಮತ್ತೆ ಬೆಳಕು ಕಂಡದ್ದು ಸಂತೆಪೇಟೆಗೆ ಆಟೋದಲ್ಲಿ ಹೋಗುವಷ್ಟು ದೂರದಲ್ಲಿ. ಕತ್ತಲಾಗುವವರೆಗೆ ನಾನು ಆ ಕಟ್ಟಡದ ಮುಂದೆಯೇ ನಿಂತಿರುತ್ತಿದ್ದೆನೇನೋ, ಚಿಕ್ಕಪ್ಪ ಮನೆಗೆ ಕರೆದುಕೊಂಡು ಬಂದರು.

ಉಂಡೆ ಕಟ್ಟುವ ದಿನ ಅಡುಗೆಮನೆಯ ಯಜಮಾನಿಕೆ ಅಜ್ಜಿಯದು. ಚಿಕ್ಕಪ್ಪನ ತಾಯಿ. ತಾನು ಹೆತ್ತದ್ದಕ್ಕೆ, ಸೊಸೆಯಂದಿರು ಹೆತ್ತದ್ದಕ್ಕೆ, ಮೊಮ್ಮಕ್ಕಳು ಹೆತ್ತದ್ದಕ್ಕೆ ಅಂಟಿನುಂಡೆ ಕಟ್ಟಿದ ಕೈ. ಮೈಸೂರು ಎಂದರೆ ಎಲ್ಲರಿಗೂ ಮೈಸೂರು ಪಾಕ್ ನೆನಪಾಗುತ್ತದೆ. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ಹೆಸರು ಅದರ ಜೊತೆಗೇ ಬರುತ್ತದೆ, ಅವರ ವಂಶದವರ ಅಂಗಡಿ ಸಯ್ಯಾಜಿರಾವ್ ರಸ್ತೆಯಲ್ಲಿ ಇಂದಿಗೂ ಇದೆ. ಅಂಟಿನುಂಡೆಗೆ ಅಂಥ ಒಬ್ಬ ಕರ್ತೃ ಇಲ್ಲ. ಬಾಣಂತಿ ಕೋಣೆಯ ಹೊಸಿಲಾಚೆ ಕೂತ ಹೆಂಗಸರು ಕೈಯಿಂದ ಕೈಗೆ ದಾಟಿಸಿಕೊಂಡು ಬಂದದ್ದು. ರಾಜರ ಊಟದ ಕೊನೆಗೆಂದು ಹುಟ್ಟಿದ ಸಿಹಿಗಿಂತ, ಹೆತ್ತು ಸುಸ್ತಾದವಳಿಗೆಂದು ಹುಟ್ಟಿದ ಸಿಹಿಯೇ ನನಗೆ ದೊಡ್ಡದು.

ಸಾಮಾನು ಹೀಗೆ ಹರಡಿತ್ತು: ಅರ್ಧ ಕಿಲೋ ಒಣಕೊಬ್ಬರಿ, ಕಾಲು ಕಿಲೋ ಉತ್ತುತ್ತೆ, ನಾನು ತಂದ ಒಣದ್ರಾಕ್ಷಿಯಲ್ಲಿ ನೂರು ಗ್ರಾಂ, ಗೋಡಂಬಿ ನೂರು, ಬಾದಾಮಿ ನೂರು ಮತ್ತು ಸಂತೆಪೇಟೆಯ ಆ ತಾಯಿಯ ಹಿಡಿ, ಅಂಟು ನೂರು, ಗಸಗಸೆ ಐವತ್ತು, ಅರ್ಧ ಕಿಲೋ ಬೆಲ್ಲ, ಒಂದು ದೊಡ್ಡ ಬಟ್ಟಲು ತುಪ್ಪ, ನಾಲ್ಕಾರು ಏಲಕ್ಕಿ, ಅರ್ಧ ಜಾಜಿಕಾಯಿ. ಅಂಜೂರ ಕಂಡು ಅಜ್ಜಿ ಹುಬ್ಬೇರಿಸಿದರು. "ನಮ್ಮತ್ತೆ ಕಾಲದಲ್ಲಿ ಇದನ್ನ ಹಾಕ್ತಿರಲಿಲ್ಲ ಕಣೆ. ಅಂಜೂರ ಅಂದ್ರೆ ಗಂಜಾಂದು, ಹಸೀದೇ ತಿನ್ನೋದು." ಶ್ರೀರಂಗಪಟ್ಟಣದ ಗಂಜಾಂ ಅಂಜೂರಕ್ಕೆ ಹಿಂದಿನಿಂದ ಹೆಸರಾದ ಊರು. ಆದರೆ ಈ ಸೀಮೆಯ ಗಾಳಿಯಲ್ಲಿ ತೇವ ಹೆಚ್ಚು, ಹಣ್ಣು ಮರದಲ್ಲೇ ಬಾಡಿ ಒಣಗುವಂಥ ಕಡುಬೇಸಿಗೆ ಇಲ್ಲಿಲ್ಲ. ಕಾಬೂಲಿನ ಹಣ್ಣನ್ನು ಅಜ್ಜಿ ಸೀಳಿ ನೋಡಿದರು. ಒಳಗೆ ಸಾವಿರ ಬೀಜ. ಅಂಜೂರ ನಮ್ಮ ಅತ್ತಿ, ಆಲ, ಅರಳಿಯ ಕುಲದ್ದು. ಅದರ ಹೂವುಗಳು ಹೊರಗೆ ಅರಳುವುದೇ ಇಲ್ಲ, ನಾವು ಹಣ್ಣೆಂದು ತಿನ್ನುವ ಆ ಚೀಲದ ಒಳಗೋಡೆಯ ಮೇಲೆ ನೂರಾರು ಹೂ ಒಳಮುಖವಾಗಿ ಅರಳುತ್ತವೆ. "ಆಯ್ತು, ನಾಲ್ಕು ಹಾಕು, ಅಷ್ಟು ದೂರದಿಂದ ಬಂದಿದೆ" ಎಂದು ಅಜ್ಜಿ ಒಪ್ಪಿದರು.

ನನ್ನ ಪಾಲಿಗೆ ಬಂದದ್ದು ಉತ್ತುತ್ತೆ. ಚಾಕು ಅದಕ್ಕೆ ತಾಗುವುದಿಲ್ಲ. ಅಜ್ಜಿ ಅಡಕತ್ತರಿ ಕೊಟ್ಟರು, ಹಿತ್ತಾಳೆಯದು, ಹಿಡಿ ಸವೆದು ನುಣುಪಾದದ್ದು. ಅಡಿಕೆಯನ್ನು ಸೀಳುವಂತೆಯೇ ಉದ್ದಕ್ಕೆ ಸೀಳಿ, ಬೀಜ ಹಾರಿಸಿ, ಮತ್ತೆ ಸಣ್ಣದಾಗಿ ಕತ್ತರಿಸಬೇಕು. ಪುಡಿ ಮಾಡಿದರೆ ಬಾಯಿಗೆ ಸಿಗುವುದಿಲ್ಲ, ದೊಡ್ಡದಾದರೆ ಉಂಡೆ ಒಡೆಯುತ್ತದೆ. ಕಾಲು ಕಿಲೋ ಮುಗಿಯುವಷ್ಟರಲ್ಲಿ ಹೆಬ್ಬೆರಳ ಬುಡ ಕೆಂಪಾಗಿತ್ತು. ಚಿಗವ್ವ ಅತ್ತ ಕೊಬ್ಬರಿಯ ಕಂದು ಸಿಪ್ಪೆ ಹೆರೆದು ತುರಿಯುತ್ತಿದ್ದಳು.

ಕೊಬ್ಬರಿಯ ಕತೆ ಕೇಳಿದ ಮೇಲೆ ನನಗೆ ರೈಲಿನಲ್ಲಿ ನಿದ್ದೆ ಮಾಡಿದ್ದಕ್ಕೆ ಮನಸ್ಸು ಚುಚ್ಚಿತು, ಕತ್ತಲಲ್ಲಾದರೂ ತಿಪಟೂರನ್ನು ಕಿಟಕಿಯಿಂದ ನೋಡಬೇಕಿತ್ತು. ಉಳಿದ ಹಣ್ಣುಗಳೆಲ್ಲ ಬಿಸಿಲು ಗಾಳಿಗೆ ಮೈಯೊಡ್ಡಿ ಒಣಗುತ್ತವೆ. ತಿಪಟೂರಿನ ಉಂಡೆ ಕೊಬ್ಬರಿ ಒಣಗುವುದು ತನ್ನ ಚಿಪ್ಪಿನೊಳಗೇ. ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ಹರಡಿ ಎಂಟು ತಿಂಗಳು, ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಬಿಟ್ಟುಬಿಡುತ್ತಾರೆ. ಒಳಗಿನ ನೀರು ಕಾಯಿಗೇ ಇಂಗುತ್ತದೆ, ಕಾಯಿ ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಉರುಳುವ ಸದ್ದು. ಆಗ ಸುಲಿದು ಚಿಪ್ಪು ಒಡೆದರೆ ಇಡಿಯಾದ ಕೊಬ್ಬರಿ ಗಿಟುಕು. ಒಂದು ಇಡೀ ವರ್ಷದ ತಾಳ್ಮೆ. ಆ ಕೊಬ್ಬರಿಯಲ್ಲಿ ಬಹುಪಾಲು ರೈತರ ಅಟ್ಟದಿಂದಿಳಿದು ಉತ್ತರ ಭಾರತಕ್ಕೆ ಹೋಗುತ್ತದೆ. ಅಲ್ಲಿಂದ ಈ ಕಡೆಗೆ ಬರುವುದು ಗಸಗಸೆ, ಮಧ್ಯಪ್ರದೇಶದ ಮಂದಸೌರ್, ನೀಮಚ್ ಸುತ್ತಲ ಹೊಲಗಳಿಂದ. ಅಫೀಮಿನ ಗಿಡವಾದ್ದರಿಂದ ಸರ್ಕಾರದ ಪರವಾನಗಿ ಇದ್ದವರಷ್ಟೇ ಬೆಳೆಯಬಹುದು. ತಿಪಟೂರೂ ಮಂದಸೌರೂ ಎಂದಾದರೂ ಮುಖಾಮುಖಿಯಾಗಿದ್ದರೆ ಅದು ಇಂಥ ಬಾಣಲೆಯಲ್ಲೇ ಇರಬೇಕು.

ಹುರಿಯುವುದಕ್ಕೆ ಒಂದು ಕ್ರಮವಿದೆ. ಒಣಬಾಣಲೆಯಲ್ಲಿ ಮೊದಲು ಗಸಗಸೆ, ಚಟಪಟ ಎನ್ನುವವರೆಗೆ. ಆಮೇಲೆ ಕೊಬ್ಬರಿ, ಬಣ್ಣ ತಿರುಗುವ ಮುನ್ನವೇ ಇಳಿಸಬೇಕು. ಬೆಚ್ಚಗಾದರೆ ಸಾಕು, ಉಳಿದ ಪಸೆ ಹೋಗುತ್ತದೆ. ತುಪ್ಪ ಬಿಟ್ಟು ಬಾದಾಮಿ, ಗೋಡಂಬಿ. ಮತ್ತೆ ಉತ್ತುತ್ತೆ, ಅದು ತುಪ್ಪದಲ್ಲಿ ಸ್ವಲ್ಪ ಮೆತ್ತಗಾಗಿ ಹೊಳಪು ಕಟ್ಟುತ್ತದೆ. ದ್ರಾಕ್ಷಿ ಕೊನೆಗೆ. ನಮ್ಮೂರ ದ್ರಾಕ್ಷಿ ತುಪ್ಪಕ್ಕೆ ಬಿದ್ದೊಡನೆ ಉಬ್ಬಿ ದುಂಡಗಾಯಿತು. ಶೆಡ್ಡಿನಲ್ಲಿ ಹದಿನೈದು ದಿನ ಮುದುಡಿ ಮುದುಡಿ ಒಣಗಿದ್ದು, ಉಳಿದ ಚೂರು ತೇವ ಆವಿಯಾಗುತ್ತಿದ್ದ ಹಾಗೆ, ಅರೆಗಳಿಗೆ ಮತ್ತೆ ಬಳ್ಳಿಯ ಮೇಲಿನ ಹಣ್ಣಾಗಿ ನಿಂತಿತು.

ನಾನು ಕಾಯುತ್ತಿದ್ದದ್ದು ಅಂಟಿಗೆ. ಜಾಲಿ ಜಾತಿಯ ಮರಗಳು, ದಿಂಡಿಗದಂಥ ಕಾಡುಮರಗಳು ತೊಗಟೆಗೆ ಗಾಯವಾದಾಗ ಸುರಿಸುವ ರಸ ಅದು. ಗಾಯ ಮುಚ್ಚಲೆಂದು ಮರ ತಾನೇ ಮಾಡಿಕೊಂಡ ಮದ್ದು. ಗಾಳಿಗೆ ಗಟ್ಟಿಯಾಗಿ, ಹಳದಿ ಹರಳುಗಳಾಗಿ ಅಂಗಡಿಗೆ ಬರುತ್ತದೆ. ನಾರಿನ ಚೂರು, ಮಣ್ಣು ಇಲ್ಲದಂತೆ ಆರಿಸಿ, ದೊಡ್ಡ ಹರಳನ್ನು ಕುಟ್ಟಿ ಸಮಮಾಡಿಟ್ಟಿದ್ದೆವು.

"ತುಪ್ಪ ಕಾದಿದ್ಯೋ ಇಲ್ವೋ ಅಂತ ಒಂದೇ ಒಂದು ಹರಳು ಹಾಕಿ ನೋಡು" ಎಂದರು ಅಜ್ಜಿ. "ತಳ ಹಿಡಿದು ಕೂತ್ರೆ ಕಾದಿಲ್ಲ. ಹಾಕ್ತಿದ್ದ ಹಾಗೇ ಕೆಂಪಾದ್ರೆ ಜಾಸ್ತಿ ಕಾದಿದೆ. ಅರಳಬೇಕು."

ಹಾಕಿದೆ. ಹರಳು ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಸಣ್ಣಗೆ ಸಿಡಿದು, ಮಗ್ಗುಲು ಹೊರಳಿ, ಬೆಳ್ಳಗೆ ಉಬ್ಬುತ್ತಾ ಉಬ್ಬುತ್ತಾ ಮೂರು ನಾಲ್ಕು ಪಟ್ಟಾಯಿತು. ಗಾಜಿನಂತಿದ್ದದ್ದು ಹೂವಾಗಿತ್ತು! ನಾನು ಕೂಗಿಯೇಬಿಟ್ಟೆ. ಬಾಣಂತಿ ಕೋಣೆಯಿಂದ ತಂಗಿ "ಏನಾಯ್ತು?" ಎಂದು ಕೇಳಿದಳು. ಹರಳಿನೊಳಗೆ ಸೆರೆಯಾದ ತೇವ ಆವಿಯಾಗಿ ನುಗ್ಗುವಾಗ ಮೆತ್ತಗಾದ ಅಂಟನ್ನು ಒಳಗಿನಿಂದ ಊದಿಬಿಡುತ್ತದೆ ಎಂದು ಚಿಕ್ಕಪ್ಪ ಬಾಗಿಲಲ್ಲಿ ನಿಂತು ವಿವರಿಸಿದರು. ಅಜ್ಜಿಗೆ ಅದರ ಗೊಡವೆ ಇರಲಿಲ್ಲ. ಒಂದು ಅರಳನ್ನು ಬೆರಳ ನಡುವೆ ಒತ್ತಿದರು, ಪುಡಿಯಾಯಿತು. ನಡುವೆ ಗಟ್ಟಿ ಕಾಳು ಉಳಿದಿದ್ದರೆ ಅದು ಹಲ್ಲಿಗೆ ಅಂಟುತ್ತದೆ, ಬಾಣಂತಿಯ ಹಲ್ಲು ಸಡಿಲವಿರುವ ಹೊತ್ತಿನಲ್ಲಿ ಅದು ಸಲ್ಲದು ಎಂಬುದು ಅವರ ಲೆಕ್ಕ. ಹಿಡಿ ಹಿಡಿಯಾಗಿ ಹಾಕುತ್ತಾ ಹೋದೆವು. ಮರದ ಗಾಯದ ಮದ್ದು, ಹೆತ್ತವಳ ಗಾಯ ಮಾಗಲೆಂದು ತುಪ್ಪದಲ್ಲಿ ಅರಳುತ್ತಿತ್ತು. ಈ ನಂಟನ್ನು ಮೊದಲು ಕಂಡುಕೊಂಡ ಹೆಂಗಸು ಯಾವ ಕಾಡಿನ ಅಂಚಿನಲ್ಲಿದ್ದಳೋ, ಅವಳಿಗೆ ಮನಸ್ಸಿನಲ್ಲೇ ಕೈಮುಗಿದೆ.

ಬೆಲ್ಲ ಮಾತ್ರ ಇಲ್ಲಿನದೇ, ಮಂಡ್ಯದ ಆಲೆಮನೆಯದು. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ ಆ ಸೀಮೆಯೆಲ್ಲ ಕಬ್ಬಾಯಿತು. ಎಲ್ಲೆಲ್ಲಿಂದಲೋ ಬಂದ ಒಣಹಣ್ಣುಗಳನ್ನು ಒಂದಾಗಿಸಿ ಹಿಡಿಯುವುದು ಕಾವೇರಿಯ ಸಿಹಿ. ಬೆಲ್ಲ ಕುಟ್ಟಿ, ಮುಳುಗಲೋ ಬೇಡವೋ ಎನ್ನುವಷ್ಟು ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆಗೇರಿಸಿದರು. ನೊರೆ ದೊಡ್ಡದಾಗಿ ಎದ್ದು, ಆಮೇಲೆ ಸಣ್ಣಗಾಗಿ ನಿಧಾನವಾಯಿತು. ಸಟ್ಟುಗದಿಂದ ಒಂದು ಹನಿ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬಿಡಿಸಿದರೆ ಒಂದು ಎಳೆ ನಿಲ್ಲಬೇಕು. ಚಿಕ್ಕಪ್ಪನ ಥರ್ಮಾಮೀಟರ್ ಭಾಷೆಯಲ್ಲಿ ಅದು 105ರಿಂದ 110 ಡಿಗ್ರಿ ಸೆಲ್ಸಿಯಸ್. ಅಜ್ಜಿ ಬೆರಳನ್ನೂ ಒದ್ದೆ ಮಾಡಿಕೊಳ್ಳಲಿಲ್ಲ, ಗುಳ್ಳೆ ಒಡೆಯುವ ಸದ್ದು ಕೇಳಿಯೇ "ಇಳಿಸು" ಎಂದರು. ನಾನು ಎಳೆ ಹಿಡಿದು ನೋಡಿದೆ. ಒಂದೇ ಒಂದು ಎಳೆ, ತುಂಡಾಗದೆ ನಿಂತಿತ್ತು.

ಆಮೇಲಿನದೆಲ್ಲ ಅವಸರದ ಕೆಲಸ. ಪಾಕಕ್ಕೆ ಕೊಬ್ಬರಿ, ಹಣ್ಣು, ಬೀಜ, ಗಸಗಸೆ, ಏಲಕ್ಕಿ, ತೇಯ್ದ ಜಾಜಿಕಾಯಿ, ಕಟ್ಟಕಡೆಗೆ ಅರಳಿದ ಅಂಟು. ಅಂಟನ್ನು ಮೊದಲೇ ಹಾಕಿದರೆ ಪಾಕ ಹೀರಿ ಪೆಚ್ಚಾಗುತ್ತದೆ. ತಟ್ಟೆಗೆ ಸುರಿದು, ತುಪ್ಪ ಸವರಿದ ಕೈಯಲ್ಲಿ ನಾಲ್ವರೂ ಸುತ್ತ ಕೂತೆವು. ಬಿಸಿ ತಡೆಯಬೇಕು, ತಣ್ಣಗಾದರೆ ಉಂಡೆ ಕಟ್ಟಲು ಬಾರದು. ಅಜ್ಜಿಯ ಅಂಗೈಯಲ್ಲಿ ಮೂರು ಒತ್ತಿಗೆ ಒಂದು ಉಂಡೆ. ನಾನು ಕಟ್ಟಿದ್ದರಲ್ಲಿ ಕಾಬೂಲಿನ ಅಂಜೂರದ ಚೂರು ಹೊರಗಿಣುಕಿತ್ತು, ಪಕ್ಕದಲ್ಲೇ ತಿಕೋಟಾದ ದ್ರಾಕ್ಷಿ, ಅದಕ್ಕೆ ಒರಗಿ ತಿಪಟೂರಿನ ಕೊಬ್ಬರಿ. ಬಾಯಿಗಿಟ್ಟೆ. ಮೊದಲು ಅಂಟು ಸದ್ದಿಲ್ಲದೆ ಪುಡಿಯಾಯಿತು, ಗಸಗಸೆ ಹಲ್ಲಿಗೆ ಸಿಕ್ಕಿ ಸಿಕ್ಕಿ ಜಾರಿತು, ಉತ್ತುತ್ತೆ ಹಟಮಾಡಿ ಕೊನೆಯವರೆಗೂ ಉಳಿದು, ಅಗಿದಷ್ಟೂ ಸಿಹಿ ಬಿಟ್ಟುಕೊಟ್ಟಿತು. ಇಂಥ ರುಚಿ ಹುಟ್ಟಲು ಇಷ್ಟು ಊರುಗಳು ಕೂಡಬೇಕಾಯಿತು, ಇಷ್ಟು ಬಗೆಯ ಬಿಸಿಲು ಬೇಕಾಯಿತು, ಒಂದು ಅಟ್ಟದ ಕತ್ತಲೂ ಬೇಕಾಯಿತು!

ಮೊದಲ ಉಂಡೆ ದೇವರ ಮುಂದೆ ಹೋಯಿತು. ಎರಡನೆಯದನ್ನು ನಾನೇ ಬಟ್ಟಲಲ್ಲಿಟ್ಟು ಕೋಣೆಗೆ ಒಯ್ದೆ. ಸಾಂಬ್ರಾಣಿ ಹೊಗೆ, ಬಜೆಯ ವಾಸನೆ, ಮಗು ಕಂಬಳಿಯೊಳಗೆ. ತಂಗಿ ಅರ್ಧ ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದಳು, ಮಿಕ್ಕರ್ಧವನ್ನೂ ಮುಗಿಸಿ ಕೈಚಾಚಿದಳು. ತಟ್ಟೆಯಲ್ಲಿ ಇನ್ನೂ ಬಿಸಿಯಿದ್ದ ಉಂಡೆಗಳನ್ನು ಸ್ಟೀಲ್ ಡಬ್ಬಕ್ಕೆ ಜೋಡಿಸುತ್ತಿದ್ದ ಅಜ್ಜಿ ಅಲ್ಲಿಂದಲೇ ಕೂಗಿದರು:

"ಕೊಟ್ಟೀಯಾ, ಇವತ್ತಿಗೆ ಒಂದೇ! ನಾಳೆ ಬೆಳಿಗ್ಗೆ ಬಿಸಿ ಹಾಲಿನ ಜೊತೆ ಇನ್ನೊಂದು. ಮತ್ತೆ ಆ ಸಂತೆಪೇಟೆ ಅಂಗಡಿಗೆ ಹೋದಾಗ ನಾಲ್ಕು ಉಂಡೆ ಕಟ್ಟಿಕೊಂಡು ಹೋಗಿ, ಬಾದಾಮಿ ಕೊಟ್ಟ ಆ ತಾಯಿಗೆ ತಲುಪಿಸೋಕೆ ಹೇಳಿ."